ಡಿಸ್ಪ್ಲೇ ಕಪ್ಪಾಯ್ತಾ? ಮೊದಲು ಯಾವ ಕಪ್ಪು ಅಂತ ನೋಡಿ

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಕುಂಬಳೆ ಕಡೆಯ ಒಂದು ಗೇರುಬೀಜ ಕಾರ್ಖಾನೆ, ರಾತ್ರಿ ಶಿಫ್ಟಿನ ಹುಡುಗ. "ಅಣ್ಣಾ, ಬೋರ್ಮಾದ ಡಿಸ್ಪ್ಲೇ ಹೋಯ್ತು. ಫುಲ್ ಕಪ್ಪು. ಒಳಗೆ ಮಾಲು ಉಂಟು." ಹಿಂದಿನಿಂದ ಯಾರೋ ಮಲಯಾಳದಲ್ಲಿ ಮೇನ್ ಸ್ವಿಚ್ ಆಫ್ ಮಾಡು ಅಂತ ಕೂಗುವುದೂ ಕೇಳುತ್ತಿತ್ತು.

"ಆಫ್ ಮಾಡ್ಬೇಡ" ಅಂದೆ. "ಬ್ಲೋವರ್ ತಿರುಗ್ತಾ ಉಂಟಾ?"

"ತಿರುಗ್ತಾ ಉಂಟು."

"ಬಾಗಿಲ ಹತ್ತಿರ ಮುಳ್ಳಿನ ಥರ್ಮಾಮೀಟರ್ ಉಂಟಲ್ವಾ, ಅದರಲ್ಲಿ ಎಷ್ಟು?"

"ಎಪ್ಪತ್ತರ ಹತ್ತಿರ."

ಹಾಗಾದರೆ ಮಾಲಿಗೆ ಏನೂ ಆಗಿಲ್ಲ. ಬೋರ್ಮಾ ಅಂದರೆ ಗೇರುಬೀಜದ ತಿರುಳನ್ನು ಬಿಸಿಗಾಳಿಯಲ್ಲಿ ಒಣಗಿಸುವ ಕೋಣೆ. ತಿರುಳಿನ ಮೇಲಿನ ಕೆಂಪು ಸಿಪ್ಪೆ ಸಲೀಸಾಗಿ ಬಿಡಲಿ ಅಂತ 70 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಬಿಸಿ ಜಾಸ್ತಿಯಾದರೆ ತಿರುಳು ಕಂದುತ್ತದೆ, ರೇಟು ಬೀಳುತ್ತದೆ. ಹುಡುಗನ ಹೆದರಿಕೆ ಅದು. ಆದರೆ ಬಿಸಿಯನ್ನು ಹಿಡಿದಿಟ್ಟಿರುವುದು ಡಿಸ್ಪ್ಲೇ ಅಲ್ಲ, ಪ್ಯಾನಲ್ ಒಳಗಿರುವ ಸಣ್ಣ ಕಂಪ್ಯೂಟರ್, ಅಂದರೆ ಪಿಎಲ್‌ಸಿ.

ಇದನ್ನು ನಾನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಎಚ್‌ಎಂಐ ಅಂತ ಕರೆಯುವ ಆ ಟಚ್ ಸ್ಕ್ರೀನ್ ಒಂದು ಕಿಟಕಿ ಇದ್ದ ಹಾಗೆ. ಕಿಟಕಿ ಮುಚ್ಚಿದರೆ ಮನೆಯೊಳಗೆ ಅಡುಗೆ ನಿಲ್ಲುವುದಿಲ್ಲ. ಸೆನ್ಸರ್ ಓದುವುದು, ಹೀಟರ್ ಆನ್ ಆಫ್ ಮಾಡುವುದು, ಮೋಟರ್ ಓಡಿಸುವುದು ಎಲ್ಲ ಪಿಎಲ್‌ಸಿಯ ಕೆಲಸ, ಅದು ತನ್ನ ಪ್ರೋಗ್ರಾಂ ಪ್ರಕಾರ ಓಡುತ್ತಲೇ ಇರುತ್ತದೆ. ಇದು ಧೈರ್ಯದ ಮಾತೂ ಹೌದು, ಅಪಾಯದ ಮಾತೂ ಹೌದು. ಸ್ಕ್ರೀನ್ ಕಪ್ಪಾಗಿದೆ, ಮೆಷಿನ್ ನಿಂತಿದೆ ಅಂದುಕೊಂಡು ಪ್ರೆಸ್ ಒಳಗೆ ಕೈ ಹಾಕಿದರೆ ಕೈ ಹೋಗುತ್ತದೆ. ಮೆಷಿನ್ ನಿಲ್ಲಿಸಬೇಕಾದರೆ ಕೆಂಪು ಎಮರ್ಜೆನ್ಸಿ ಬಟನ್ ಒತ್ತಿ, ಐಸೊಲೇಟರ್ ಅನ್ನುವ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಆಮೇಲೆ ಕೈ ಹಾಕಿ. ಇನ್ನೊಂದು ವಿಷಯ: ಕೆಲವು ಕಡೆ ಅಲಾರಂ, ರೆಸಿಪಿ (ಯಾವ ಮಾಲಿಗೆ ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವ ಸೆಟ್ಟಿಂಗ್), ಟೆಂಪರೇಚರ್ ರೆಕಾರ್ಡ್ ಇವನ್ನೆಲ್ಲ ಪಿಎಲ್‌ಸಿಯಲ್ಲಿ ಬರೆಯದೆ ಎಚ್‌ಎಂಐಯಲ್ಲೇ ಬರೆದಿರುತ್ತಾರೆ. ಅಂಥ ಕಡೆ ಸ್ಕ್ರೀನ್ ಹೋದರೆ ಬಿಸಿ ಏರಿದರೂ ಬಝರ್ ಕೂಗುವುದಿಲ್ಲ. ಅದಕ್ಕೇ ಹುಡುಗನಿಗೆ ಹೇಳಿದೆ, ಒಬ್ಬನನ್ನು ಆ ಮುಳ್ಳಿನ ಥರ್ಮಾಮೀಟರ್ ಎದುರು ಸ್ಟೂಲ್ ಹಾಕಿ ಕೂರಿಸು, 80 ದಾಟಿದರೆ ಹೀಟರ್ ಎಂಸಿಬಿ ಇಳಿಸಲಿ, ಬೆಳಿಗ್ಗೆ ಬರುತ್ತೇನೆ.

ಆಮೇಲೆ ಕೇಳಿದೆ: "ಕಪ್ಪು ಅಂದ್ಯಲ್ಲ, ಅದು ಎಂಥ ಕಪ್ಪು?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಹೆಚ್ಚಿನವರಿಗೆ ಆಗುವುದಿಲ್ಲ. ಕಪ್ಪು ಅಂದರೆ ಕಪ್ಪು, ಡಿಸ್ಪ್ಲೇ ಹೋಯ್ತು, ಹೊಸದು ತರಿಸಿ, ಅಷ್ಟೇ. ಆದರೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ರಿಪೇರಿ ಮುಗಿದ ಹಾಗೆ. ಅದಕ್ಕೆ ಈ ಡಿಸ್ಪ್ಲೇ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದಿರಬೇಕು.

ತೊಗಲುಗೊಂಬೆ ಆಟ ನೋಡಿದ್ದೀರಲ್ವಾ? ಬಿಳಿ ಪರದೆ, ಹಿಂದೆ ದೀಪ, ನಡುವೆ ಗೊಂಬೆ. ಎಲ್‌ಸಿಡಿ ಅಂದರೆ ಹೆಚ್ಚುಕಡಿಮೆ ಅದೇ. ಎಲ್‌ಸಿಡಿ ಗಾಜಿಗೆ ಸ್ವಂತ ಬೆಳಕು ಇಲ್ಲ. ಹಿಂದಿನ ಬ್ಯಾಕ್‌ಲೈಟ್ ದೀಪ, ಗಾಜಿನ ಮೇಲೆ ಮೂಡುವ ಚಿತ್ರ ಗೊಂಬೆ. ಗೊಂಬೆ ಆಡಿಸುವವನು ಡಿಸ್ಪ್ಲೇ ಒಳಗಿನ ಪ್ರೊಸೆಸರ್. ಯಾವ ಗೊಂಬೆ ಯಾವಾಗ ಬರಬೇಕು ಅಂತ ಹಿಂದಿನಿಂದ ಹೇಳಿಕೊಡುವವನು ಪಿಎಲ್‌ಸಿ, ಅದು ಕೇಬಲ್‌ನಲ್ಲಿ ಬರುತ್ತದೆ. ಇಡೀ ಆಟಕ್ಕೆ ಕರೆಂಟು ಕೊಡುವುದು ಮೇನ್ಸನ್ನು 24 ವೋಲ್ಟ್ ಡಿಸಿ ಮಾಡುವ ಸಪ್ಲೈ ಡಬ್ಬಿ, ಎಸ್‌ಎಂಪಿಎಸ್.

ದೀಪ ಆರಿದರೆ ಗೊಂಬೆ ಕತ್ತಲಲ್ಲಿ ಕುಣಿಯುತ್ತಲೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ಗೊಂಬೆ ಬರದಿದ್ದರೆ ಬರೀ ಬೆಳಗುವ ಪರದೆ, ಅಂದರೆ ಬಿಳಿ ಸ್ಕ್ರೀನ್. ಕರೆಂಟೇ ಇಲ್ಲದಿದ್ದರೆ ದೀಪವೂ ಇಲ್ಲ, ಗೊಂಬೆಯೂ ಇಲ್ಲ. ಹೇಳಿಕೊಡುವವನು ಸುಮ್ಮನಾದರೆ ಗೊಂಬೆ ನಿಂತಲ್ಲೇ ನಿಂತಿರುತ್ತದೆ: ಪೇಜ್ ಕಾಣುತ್ತದೆ, ನಂಬರ್ ಇರುವ ಕಡೆ ಮಾತ್ರ ಹ್ಯಾಶ್ ಗುರುತುಗಳೋ ಕಮ್ಯುನಿಕೇಷನ್ ಎರರ್ ಅನ್ನುವ ಸಣ್ಣ ಕಿಟಕಿಯೋ ಬರುತ್ತದೆ. ಈ ಕೊನೆಯದಕ್ಕೂ ಜನ "ಬ್ಲ್ಯಾಂಕ್ ಆಗಿದೆ" ಅಂತಲೇ ಫೋನ್ ಮಾಡುತ್ತಾರೆ. ಅದಕ್ಕೆ ಕೇಬಲ್ ನೋಡಬೇಕು, ಪಿಎಲ್‌ಸಿ ರನ್‌ನಲ್ಲಿದೆಯಾ ನೋಡಬೇಕು. ಡಿಸ್ಪ್ಲೇಯನ್ನು ಬೈಯುವ ಹಾಗಿಲ್ಲ. ಅದು ಬೇರೆಯೇ ಕಥೆ, ಇಲ್ಲಿ ಬಿಟ್ಟುಬಿಡೋಣ.

ಮೊದಲು ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ, ಆಟಿಯ ಮಳೆಯಲ್ಲಿ, ಬದಿಯಡ್ಕದಿಂದ ಉಪ್ಪಳದ ತನಕ ಬೈಕಿನಲ್ಲಿ ನೆನೆದುಕೊಂಡು ಹೋಗಿ, ಬ್ಯಾಗ್ ಇಳಿಸಿ, ಮೀಟರ್ ತೆಗೆದು, ಸ್ಕ್ರೀನ್ ಮೇಲಿನ ಧೂಳು ಕಾಣುತ್ತಿದೆಯಲ್ಲ ಅಂತ ಬಟ್ಟೆಯಿಂದ ಒರೆಸಿದೆ. ಡಿಸ್ಪ್ಲೇ ಆನ್ ಆಯ್ತು. ಸ್ಕ್ರೀನ್ ಸೇವರ್! ಇಷ್ಟು ನಿಮಿಷ ಯಾರೂ ಮುಟ್ಟದಿದ್ದರೆ ಬ್ಯಾಕ್‌ಲೈಟ್ ಆರಲಿ ಅಂತ ಸೆಟ್ಟಿಂಗ್ ಇರುತ್ತದೆ, ದೀಪದ ಆಯಸ್ಸು ಉಳಿಯಲಿ ಅಂತ. ಅಲ್ಲಿಗೆ ಹೊಸದಾಗಿ ಬಂದ ಆಪರೇಟರ್‌ಗೆ ಅದು ಗೊತ್ತಿರಲಿಲ್ಲ. ಹಾಗಾಗಿ ಈಗ ಫೋನಿನಲ್ಲಿ ಮೊದಲು ಹೇಳುವುದೇ "ಒಮ್ಮೆ ಮುಟ್ಟಿ ನೋಡು". ಒಂದು ಕಡೆ ಅಲ್ಲ, ನಾಲ್ಕೈದು ಕಡೆ, ಯಾಕೆಂದರೆ ಹಳೆ ಟಚ್‌ಗಳಲ್ಲಿ ಕೆಲವು ಜಾಗ ಸತ್ತಿರುತ್ತದೆ. ಇದರ ಜೊತೆ ಇನ್ನೊಂದು: ಬ್ರೈಟ್‌ನೆಸ್ ಯಾರೋ ಪೂರ್ತಿ ಇಳಿಸಿಟ್ಟಿರುವುದು. ರಾತ್ರಿ ಶಿಫ್ಟಿನವರಿಗೆ ಕಣ್ಣಿಗೆ ಹೊಡೆಯುತ್ತದೆ ಅಂತ ಇಳಿಸುತ್ತಾರೆ, ಬೆಳಗಿನವರಿಗೆ ಹಗಲು ಬೆಳಕಲ್ಲಿ ಏನೂ ಕಾಣುವುದಿಲ್ಲ. ಹಳೆಯ ಒಂದೇ ಬಣ್ಣದ ಡಿಸ್ಪ್ಲೇಗಳಲ್ಲಾದರೆ ಕಾಂಟ್ರಾಸ್ಟ್ ತಪ್ಪಿದರೂ ಸಾಕು, ಇಡೀ ಸ್ಕ್ರೀನ್ ಒಂದೇ ನೀಲಿ.

ಇನ್ನು ಟಾರ್ಚ್ ಪರೀಕ್ಷೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸುತ್ತಲಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗಾಜಿಗೆ ತೀರಾ ಹತ್ತಿರ, ಓರೆಯಾಗಿ ಹಿಡಿದು, ನೀವು ಇನ್ನೊಂದು ಬದಿಯಿಂದ ನೋಡಿ. ಹೊಗೆಯಲ್ಲಿ ಬರೆದ ಹಾಗೆ ಮಸುಕಾಗಿ ಬಟನ್‌ಗಳು, ಅಕ್ಷರಗಳು ಕಂಡವಾ? ಹಾಗಾದರೆ ಗೊಂಬೆ ಕುಣಿಯುತ್ತಿದೆ, ದೀಪ ಆರಿದೆ. ಪ್ರೊಸೆಸರ್ ಸರಿ, ಪ್ರೋಗ್ರಾಂ ಸರಿ, ಬ್ಯಾಕ್‌ಲೈಟ್ ಒಂದೇ ಹೋಗಿರುವುದು. ಮುಟ್ಟಿದಾಗ ಬೀಪ್ ಅಂದರೂ ಇದೇ ಅರ್ಥ. ಬಟನ್ ಎಲ್ಲಿದೆ ಅಂತ ಬಾಯಿಪಾಠ ಇರುವ ಆಪರೇಟರ್ ಆದರೆ ಆ ಕತ್ತಲಲ್ಲೇ ಬ್ಯಾಚ್ ಮುಗಿಸಿಬಿಡುತ್ತಾನೆ. ಹಾಗೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಕಾಣದ ಬಟನ್ ಒತ್ತುವುದು ಒಳ್ಳೇದಲ್ಲ.

ಹಳೇ ಡಿಸ್ಪ್ಲೇಗಳ ಬ್ಯಾಕ್‌ಲೈಟ್ ಸಪೂರ ಟ್ಯೂಬ್‌ಲೈಟ್. ಸಿಸಿಎಫ್‌ಎಲ್ ಅನ್ನುತ್ತಾರೆ, ಪೆನ್ಸಿಲಿಗಿಂತ ಸಪೂರ. ಅದನ್ನು ಉರಿಸಲು ಇನ್ವರ್ಟರ್ ಅನ್ನುವ ಸಣ್ಣ ಬೋರ್ಡ್ ನೂರಾರು ವೋಲ್ಟ್ ಮಾಡುತ್ತದೆ, ಹೊತ್ತಿಸುವ ಕ್ಷಣದಲ್ಲಿ ಸಾವಿರವನ್ನೂ ದಾಟುತ್ತದೆ. ಹಾಗಾಗಿ ಆನ್ ಇರುವಾಗ ಬಿಚ್ಚಿ ಬೆರಳು ಹಾಕಬೇಡಿ. ಟ್ಯೂಬಿನೊಳಗೆ ಪಾದರಸ ಇದೆ, ಒಡೆದರೆ ಕಸದ ಬುಟ್ಟಿಗೆ ಹಾಕುವ ಮಾಲಲ್ಲ. ಇಂಥ ಟ್ಯೂಬಿಗೆ ಕಂಪನಿಗಳು ಸಾಮಾನ್ಯವಾಗಿ 50,000 ಗಂಟೆ ಆಯಸ್ಸು ಹೇಳುತ್ತವೆ, ಅಂದರೆ ಬೆಳಕು ಅರ್ಧಕ್ಕೆ ಇಳಿಯುವ ತನಕದ ಲೆಕ್ಕ. ದಿನದ 24 ಗಂಟೆ ಉರಿದರೆ ಐದೂಮುಕ್ಕಾಲು ವರ್ಷಕ್ಕೂ ಸ್ವಲ್ಪ ಕಡಿಮೆ. ಟ್ಯೂಬ್ ಸಾಯುವ ಮೊದಲು ಸೂಚನೆ ಕೊಡುತ್ತದೆ: ಬೆಳಗ್ಗೆ ಆನ್ ಮಾಡಿದಾಗ ಮಂಕು, ಸ್ವಲ್ಪ ಗುಲಾಬಿ ಬಣ್ಣ, ಬಿಸಿಯಾದ ಮೇಲೆ ಸರಿ. ಈಗಿನವು ಎಲ್‌ಇಡಿ. ಅದರಲ್ಲಿ ಹೂಮಾಲೆಯ ಹಾಗೆ ಸಾಲಾಗಿ ಜೋಡಿಸಿರುತ್ತಾರೆ, ಒಂದು ಎಲ್‌ಇಡಿ ಕಡಿದರೆ ಆ ಮಾಲೆ ಪೂರ್ತಿ ಆರುತ್ತದೆ. ಟ್ಯೂಬಾಗಲಿ ಎಲ್‌ಇಡಿಯಾಗಲಿ, ರಿಪೇರಿ ಗೊತ್ತಿರುವವರು ಮಾಡಿಕೊಡುತ್ತಾರೆ, ಮಂಗಳೂರಿಗೆ ಕೊಂಡುಹೋದರೆ ಸಾಕು. ಇಷ್ಟಕ್ಕೇ ಹೊಸ ಡಿಸ್ಪ್ಲೇ ತೆಗೆದುಕೊಳ್ಳುವುದು ಬಲ್ಬ್ ಹೋಯ್ತು ಅಂತ ಮನೆ ಬದಲಿಸಿದ ಹಾಗೆ.

ನಮ್ಮ ಬೋರ್ಮಾದ ಹುಡುಗ ಟಾರ್ಚ್ ಹಿಡಿದು ನೋಡಿದ. ಏನೂ ಕಾಣಲಿಲ್ಲ. "ಆದರೆ ಅಣ್ಣಾ," ಅಂದ, ಸ್ವಲ್ಪ ಹೊತ್ತು ಬಿಟ್ಟು, "ಲೈಟ್ ಆಫ್ ಮಾಡಿ ನೋಡುವಾಗ ಒಮ್ಮೊಮ್ಮೆ ಮಿಂಚಿದ ಹಾಗೆ ಆಗ್ತದೆ. ಕಂಪನಿ ಹೆಸರು ಬಂದು ಹೋಗ್ತದೆ."

ಇದು ಬೇಕಾಗಿತ್ತು ನನಗೆ. ಕಾರ್ಖಾನೆಯ ಟ್ಯೂಬ್‌ಲೈಟ್ ಬೆಳಕಲ್ಲಿ, ಗಡಿಬಿಡಿಯಲ್ಲಿ, ಯಾರೂ ಡಿಸ್ಪ್ಲೇ ಎದುರು ಅರ್ಧ ನಿಮಿಷ ಸುಮ್ನೆ ನಿಂತಿರಲಿಲ್ಲ. ಅದು ಸತ್ತಿರಲಿಲ್ಲ. ಏಳಲು ಹೋಗಿ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಹಾಗೆ ಮಾಡುವ ಡಿಸ್ಪ್ಲೇಗೆ ಹೆಚ್ಚಾಗಿ ಇರುವುದು ಹೊಟ್ಟೆಯ ಸಮಸ್ಯೆ: ಊಟ ಸಾಲುತ್ತಿಲ್ಲ.

ಈಗ ಕರೆಂಟಿನ ವಿಷಯಕ್ಕೆ ಬರೋಣ. ಇಲ್ಲೇ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಅನುಭವದಲ್ಲಿ ಕಪ್ಪಾದ ಡಿಸ್ಪ್ಲೇಗಳಲ್ಲಿ ಜಾಸ್ತಿ ಪಾಲು ಡಿಸ್ಪ್ಲೇಯ ತಪ್ಪೇ ಅಲ್ಲ, ಅದಕ್ಕೆ ಬರುವ 24 ವೋಲ್ಟಿನದ್ದು.

ಹೆಚ್ಚಿನ ಎಚ್‌ಎಂಐಗಳು 24 ವೋಲ್ಟ್ ಡಿಸಿಯಲ್ಲಿ ಓಡುತ್ತವೆ. ಹಿಂಬದಿಯಲ್ಲಿ ಪ್ಲಸ್, ಮೈನಸ್, ಅರ್ತ್ ಇರುವ ಸಣ್ಣ ಹಸಿರು ಕನೆಕ್ಟರ್. ಎಷ್ಟು ಹೆಚ್ಚುಕಡಿಮೆ ತಾಳುತ್ತದೆ ಅಂತ ಹಿಂದಿನ ಲೇಬಲ್ಲಿನಲ್ಲೋ ಮ್ಯಾನುವಲ್ಲಿನಲ್ಲೋ ಇರುತ್ತದೆ. ಸೀಮೆನ್ಸಿನ ಬೇಸಿಕ್ ಪ್ಯಾನಲ್‌ಗಳಿಗೆ ಅದು 19.2ರಿಂದ 28.8 ವೋಲ್ಟ್. ಬೇರೆ ಕೆಲವು ಕಂಪನಿಯವು ಅಷ್ಟು ತಾಳುವುದಿಲ್ಲ. ಈಗ ಎಲ್ಲರೂ ಮಾಡುವ ತಪ್ಪು ಕೇಳಿ. ಕನೆಕ್ಟರ್ ಕಿತ್ತು, ಮೀಟರ್ ಇಟ್ಟು ನೋಡುತ್ತಾರೆ, 24.1 ತೋರಿಸುತ್ತದೆ. "ಸಪ್ಲೈ ಸರಿ ಉಂಟು, ಡಿಸ್ಪ್ಲೇ ಹೋಗಿದೆ" ಅಂತ ತೀರ್ಪು.

ಅಡಿಕೆ ತೋಟದ ಸ್ಪ್ರಿಂಕ್ಲರ್ ನೆನಪು ಮಾಡಿಕೊಳ್ಳಿ. ಪೈಪಿನಲ್ಲಿ ಎಲ್ಲೋ ಬೇರು ಹೊಕ್ಕು ಅರ್ಧ ಕಟ್ಟಿದೆ ಅಂದುಕೊಳ್ಳಿ. ತುದಿಯ ಗೇಟ್ ವಾಲ್ವ್ ಮುಚ್ಚಿ ಗೇಜ್ ನೋಡಿದರೆ ಪ್ರೆಶರ್ ಪೂರ್ತಿ ತೋರಿಸುತ್ತದೆ. ವಾಲ್ವ್ ತೆರೆದಿರೋ, ಮುಳ್ಳು ಧೊಪ್ಪೆಂದು ಕೆಳಗೆ. ನೀರು ಹರಿಯದಿದ್ದರೆ ಕಟ್ಟು ಕಾಣುವುದೇ ಇಲ್ಲ. ಕರೆಂಟೂ ಹಾಗೆಯೇ. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲ, ಹಾಗಾಗಿ ಎಂಥ ಸಡಿಲ ಸ್ಕ್ರೂ ಇದ್ದರೂ, ಎಂಥ ಹಾಳು ಎಸ್‌ಎಂಪಿಎಸ್ ಇದ್ದರೂ ಅದಕ್ಕೆ 24 ಕಾಣುತ್ತದೆ. ಆದ್ದರಿಂದ ಕನೆಕ್ಟರ್ ಹಾಕಿಯೇ, ಡಿಸ್ಪ್ಲೇ ಏಳಲು ನೋಡುತ್ತಿರುವಾಗಲೇ, ಆ ಕನೆಕ್ಟರಿನ ಸ್ಕ್ರೂಗಳ ಮೇಲೆಯೇ ಮೀಟರ್ ಕಡ್ಡಿ ಇಟ್ಟು ನೋಡಬೇಕು. ಆಮೇಲೆ ಎಸ್‌ಎಂಪಿಎಸ್ ಬಾಯಿಯಲ್ಲಿ ಇನ್ನೊಮ್ಮೆ. ಎರಡೂ ಕಡೆ ಕಮ್ಮಿ ಇದ್ದರೆ ಎಸ್‌ಎಂಪಿಎಸ್ ಸೋತಿದೆ, ಅಥವಾ ಅದರ ಮೇಲೆ ಭಾರ ಜಾಸ್ತಿಯಾಗಿದೆ. ಅಲ್ಲಿ 24 ಇದ್ದು ಇಲ್ಲಿ 18 ಇದ್ದರೆ ದಾರಿಯಲ್ಲಿ ತಿಂದುಹಾಕಿದೆ.

ದಾರಿಯಲ್ಲಿ ತಿನ್ನುವುದು ಯಾರು? ಹೆಚ್ಚಿನವರು ತಂತಿ ಸಪೂರ ಆಯ್ತು ಅಂತಾರೆ. ಲೆಕ್ಕ ಹಾಕಿ ನೋಡಿ. ಏಳಿಂಚಿನ ಡಿಸ್ಪ್ಲೇ ಸುಮಾರು 10 ವ್ಯಾಟ್, ಅಂದರೆ 0.4 ಆಂಪ್. ಅರ್ಧ ಸ್ಕ್ವೇರ್ ಎಂಎಂ ತಾಮ್ರದ ತಂತಿ 20 ಮೀಟರ್ ದೂರ ಹೋಗಿ ಬಂದರೂ ಬೀಳುವುದು ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೇ ಒಂದು ಸಡಿಲ ಸ್ಕ್ರೂ, ಉಪ್ಪುಗಾಳಿಗೆ ಹಸಿರುಗಟ್ಟಿದ ಒಂದು ಲಗ್ (ತಂತಿಯ ತುದಿಗೆ ಹಾಕುವ ಲೋಹದ ತುಂಡು), ಐದಾರು ವೋಲ್ಟ್ ನುಂಗಿಬಿಡುತ್ತದೆ. ಮಂಜೇಶ್ವರದ ಕಡೆ ಸಮುದ್ರದ ಹತ್ತಿರದ ಐಸ್ ಪ್ಲಾಂಟುಗಳಲ್ಲಿ ಪ್ಯಾನಲ್ ಬಾಗಿಲು ತೆರೆದರೆ ತಾಮ್ರದ ಮೇಲೆ ಆ ಹಸಿರು ಕಾಣುತ್ತದೆ. ಬ್ಲೋವರ್, ಕಂಪ್ರೆಸರ್ ಇದ್ದ ಕಡೆ ಅದುರುವಿಕೆಗೇ ಸ್ಕ್ರೂ ಸಡಿಲವಾಗುತ್ತದೆ. ಒಂದೊಂದೇ ತಂತಿಯನ್ನು ಮೆಲ್ಲಗೆ ಎಳೆದು ನೋಡಿ, ಕೈಗೆ ಬಂದರೆ ಕಾಯಿಲೆ ಸಿಕ್ಕಿತು. ಪ್ಲಸ್ ತಂತಿಯನ್ನು ಎಲ್ಲರೂ ನೋಡುತ್ತಾರೆ, ಮೈನಸ್ಸನ್ನು ಮರೆಯುತ್ತಾರೆ. ಕರೆಂಟು ಹೋದಷ್ಟೇ ವಾಪಸ್ ಬರಬೇಕಲ್ಲ.

ಇಲ್ಲಿ ಒಂದು ಕುತೂಹಲದ ವಿಷಯ ಇದೆ. ಹಳದಿ ಬಲ್ಬಿಗೆ ವೋಲ್ಟ್ ಕಮ್ಮಿಯಾದರೆ ಮಂಕಾಗುತ್ತದೆ, ಎಳೆಯುವ ಕರೆಂಟೂ ಕಮ್ಮಿಯಾಗುತ್ತದೆ. ಡಿಸ್ಪ್ಲೇ ಹಾಗಲ್ಲ. ಅದರೊಳಗೆ 24 ವೋಲ್ಟನ್ನು 5, 3.3 ಅಂತ ಇಳಿಸುವ ಕನ್ವರ್ಟರ್ ಇದೆ. ಅದಕ್ಕೆ ಬೇಕಾದ ಒಟ್ಟು ಶಕ್ತಿ ಅಷ್ಟೇ, ಹಾಗಾಗಿ ವೋಲ್ಟ್ ಕಮ್ಮಿಯಾದರೆ ಕರೆಂಟು ಜಾಸ್ತಿ ಎಳೆಯುತ್ತದೆ. ಜಾಸ್ತಿ ಎಳೆದರೆ ಆ ಸಡಿಲ ಸ್ಕ್ರೂನಲ್ಲಿ ಇನ್ನೂ ಜಾಸ್ತಿ ವೋಲ್ಟ್ ಬೀಳುತ್ತದೆ. ಬಿದ್ದರೆ ಇನ್ನೂ ಜಾಸ್ತಿ ಎಳೆಯುತ್ತದೆ. ಕೊನೆಗೆ ಧಡಕ್ಕನೆ ಆಫ್. ಆಫ್ ಆದ ಕೂಡಲೇ ಭಾರ ಇಲ್ಲ, ವೋಲ್ಟ್ ಮತ್ತೆ 24, ಮತ್ತೆ ಆನ್. ಕಂಪನಿ ಹೆಸರು ಬಂದು ಬಂದು ಹೋಗುವುದು ಹೀಗೆ. ಬ್ಯಾಕ್‌ಲೈಟ್ ಹೊತ್ತುವ ಕ್ಷಣದಲ್ಲಿ ಭಾರ ಏರುವುದರಿಂದ ಸರಿಯಾಗಿ ಅಲ್ಲಿಗೇ ಬೀಳುತ್ತದೆ.

ಎಸ್‌ಎಂಪಿಎಸ್ ಸೋಲುವುದು ಹೇಗೆ? ಅದರೊಳಗೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳಿವೆ, ಸಣ್ಣ ಡಬ್ಬಿಯ ಹಾಗೆ. ಒಳಗೆ ದ್ರವ ಇರುತ್ತದೆ, ವರ್ಷಗಟ್ಟಲೆ ಬಿಸಿಗೆ ಅದು ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ ಅನ್ನುವುದು ಈ ಕೆಲಸದವರ ಅಂದಾಜು ಲೆಕ್ಕ. ಕೆಪಾಸಿಟರ್ ತಲೆ ಚಪ್ಪಟೆ ಇರಬೇಕು, ಉಬ್ಬಿದ್ದರೆ ಅದರ ಕತೆ ಮುಗಿಯಿತು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ 24ರ ಲೈನಿನ ಮೇಲೆ ಇಟ್ಟು ನೋಡುವುದೂ ಒಂದು ಉಪಾಯ. ಒಳ್ಳೆ ಸಪ್ಲೈಯಲ್ಲಿ ಹೆಚ್ಚುಕಡಿಮೆ ಏನೂ ಬರಬಾರದು. ಒಂದೋ ಎರಡೋ ವೋಲ್ಟ್ ತೋರಿಸಿದರೆ ಡಿಸಿ ನಯವಾಗಿಲ್ಲ, ಕುಣಿಯುತ್ತಿದೆ ಅಂತ ಅರ್ಥ. ಆದರೆ ಕೆಲವು ಅಗ್ಗದ ಮೀಟರ್‌ಗಳು ಎಸಿಗೆ ಇಟ್ಟಾಗ ಬರೀ ಡಿಸಿಗೂ ದೊಡ್ಡ ನಂಬರ್ ತೋರಿಸುತ್ತವೆ. ಮೊದಲು ಒಂದು ಬ್ಯಾಟರಿಯ ಮೇಲೆ ಇಟ್ಟು ಮೀಟರನ್ನೇ ಪರೀಕ್ಷೆ ಮಾಡಿ.

ಎಸ್‌ಎಂಪಿಎಸ್ ಸರಿಯಿದ್ದೂ ವೋಲ್ಟ್ ಬರದಿದ್ದರೆ, ಅದರ ಹಸಿರು ದೀಪ ಮಿಣಿಮಿಣಿ ಅನ್ನುತ್ತಿದ್ದರೆ, ಕಿವಿಗೊಟ್ಟರೆ ಟಿಕ್ ಟಿಕ್ ಕೇಳಿದರೆ, ಯಾರೋ ಶಾರ್ಟ್ ಆಗಿದ್ದಾರೆ ಅಂತ ಅದು ಹೇಳುತ್ತಿದೆ. ತನ್ನನ್ನು ಉಳಿಸಿಕೊಳ್ಳಲು ಆನ್ ಆಫ್ ಆಗುತ್ತಿದೆ. ಆಗ ಮೇನ್ ಆಫ್ ಮಾಡಿ, ಡಿಸ್ಪ್ಲೇ ಕನೆಕ್ಟರ್ ತೆಗೆದು, ಮತ್ತೆ ಆನ್ ಮಾಡಿ. ಸರಿಯಾಯ್ತಾ? ಡಿಸ್ಪ್ಲೇ ಒಳಗೆ ಶಾರ್ಟ್. ಆಗಲಿಲ್ವಾ? ಅದೇ 24ಕ್ಕೆ ಕಟ್ಟಿರುವ ಸೆನ್ಸರ್, ಸೊಲೆನಾಯ್ಡ್ ವಾಲ್ವ್ ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಸೀತಾಂಗೋಳಿಯ ಹತ್ತಿರ ಒಂದು ನೀರಿನ ಬಾಟಲಿ ತುಂಬುವ ಕಡೆ ಹೀಗೇ ಹುಡುಕುತ್ತಾ ಹೋಗಿ ಕೊನೆಗೆ ಸಿಕ್ಕಿದ್ದು ಒಂದು ಸತ್ತ ಹಲ್ಲಿ, ಟರ್ಮಿನಲ್ ಪಟ್ಟಿಯಲ್ಲಿ ಪ್ಲಸ್ಸಿನಿಂದ ಮೈನಸ್ಸಿಗೆ ಅಡ್ಡ ಮಲಗಿತ್ತು. ಕೇಬಲ್ ಬರುವ ತೂತಿಗೆ ಅದನ್ನು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಹಾಕಿರಲಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಹಲ್ಲಿಯೂ ಬರುತ್ತದೆ, ಇರುವೆಯೂ ಬರುತ್ತದೆ. ಡಿಸ್ಪ್ಲೇಯ ಮುಖಕ್ಕೆ ಸಾಮಾನ್ಯವಾಗಿ ಐಪಿ 65 ರಕ್ಷಣೆ, ನೀರು ಚಿಮ್ಮಿದರೂ ಏನಾಗುವುದಿಲ್ಲ. ಬೆನ್ನಿಗೆ ಬರೀ ಐಪಿ 20. ಬೆರಳು ಹೋಗಬಾರದು ಅಂತ ಮಾತ್ರ. ಹನಿ ನೀರಿಗೂ ತಡೆ ಇಲ್ಲ.

ಸಿಡಿಲಿನದ್ದು ಬೇರೆಯೇ ಅಧ್ಯಾಯ. ನಮ್ಮಲ್ಲಿ ಪತ್ತನಾಜೆಯ ಆಸುಪಾಸಿನ ಮಳೆಗೂ ತುಲಾ ತಿಂಗಳ ಸಂಜೆ ಮಳೆಗೂ ಸಿಡಿಲು ಜಾಸ್ತಿ, ಅದಾದ ಮರುದಿನ ನನ್ನ ಫೋನಿಗೂ ಬಿಡುವಿಲ್ಲ. ಮುರಕಲ್ಲಿನ ನೆಲ ಒಣಗಿದಾಗ ಅರ್ತಿಂಗ್ ಸರಿಯಾಗಿ ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಅರ್ತ್ ಪಿಟ್ಟಿಗೆ ನೀರು ಹಾಕದಿದ್ದರೆ ಮೊದಲ ಸಿಡಿಲಿಗೇ ಲೆಕ್ಕ ಚುಕ್ತಾ. ಜನ ಕರೆಂಟಿನ ಲೈನಿನಲ್ಲಿ ಬಂತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಬರುವುದು ಪಿಎಲ್‌ಸಿಗೆ ಹೋಗುವ ಉದ್ದದ ಕಮ್ಯುನಿಕೇಷನ್ ಕೇಬಲಿನಲ್ಲಿ, ಅದೂ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದಿದ್ದರೆ. ಸಿಡಿಲು ಬಡಿದ ಡಿಸ್ಪ್ಲೇಯ ಒಳಗೆ ಕೆಲವೊಮ್ಮೆ ಹೋಗಿರುವುದು ಒಂದು ಫ್ಯೂಸ್ ಮತ್ತು ಬಾಗಿಲಲ್ಲೇ ನಿಂತು ಏಟು ತಿನ್ನಲೆಂದೇ ಇಟ್ಟ ಒಂದು ಡಯೋಡ್, ಅಷ್ಟೇ. ಬೋರ್ಡ್ ರಿಪೇರಿ ಗೊತ್ತಿರುವವರಿಗೆ ತೋರಿಸದೆ ಗುಜರಿಗೆ ಹಾಕಬೇಡಿ.

ಲ್ಯಾಪ್‌ಟಾಪ್ ಹಾಕಿ ನೋಡುವವರಿಗೆ ಒಂದು ಮಾತು. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಿ ಕೂತರೆ ಲ್ಯಾಪ್‌ಟಾಪಿನ ಮೈ ತೇಲುತ್ತಿರುತ್ತದೆ, ಮುಟ್ಟಿದರೆ ಜುಮ್ ಅನ್ನುತ್ತದಲ್ವಾ, ಅದು ಮೇನ್ಸಿನ ಅರ್ಧದಷ್ಟು ವೋಲ್ಟ್. ಆ ಸ್ಥಿತಿಯಲ್ಲಿ ಯುಎಸ್‌ಬಿ ಚುಚ್ಚಿದರೆ ಡಿಸ್ಪ್ಲೇ ಪೋರ್ಟ್ ಸುಡಬಹುದು. ಚಾರ್ಜರ್ ತೆಗೆದು, ಬ್ಯಾಟರಿಯಲ್ಲೇ ಮಾಡಿ. ನಾನು ಒಂದು ಪೋರ್ಟ್ ಸುಟ್ಟು ಕಲಿತದ್ದು.

ಬಿಳಿ ಸ್ಕ್ರೀನ್ ಅಥವಾ ಕಂಪನಿ ಹೆಸರಿನಲ್ಲೇ ನಿಂತುಬಿಡುವುದು: ಇದರಲ್ಲಿ ದೀಪ ಇದೆ, ಕರೆಂಟು ಇದೆ, ಗೊಂಬೆ ಇಲ್ಲ. ಬರೀ ಬಿಳಿಯಾಗಿದ್ದರೆ ಗಾಜಿಗೂ ಬೋರ್ಡಿಗೂ ನಡುವಿನ ರಿಬ್ಬನ್ ಕೇಬಲ್ ಅದುರಿ ಕಳಚಿರಬಹುದು. ಕರೆಂಟು ತೆಗೆದು, ಹಿಂಬದಿ ಬಿಚ್ಚಿ, ಅದನ್ನು ತೆಗೆದು ಮತ್ತೆ ಕೂರಿಸಿದರೆ ಸರಿಹೋದದ್ದು ಎಷ್ಟೋ ಇದೆ. ಬಿಚ್ಚುವ ಮೊದಲು ಪ್ಯಾನಲಿನ ಲೋಹ ಮುಟ್ಟಿ ಮೈಯ ಸ್ಟಾಟಿಕ್ ಇಳಿಸಿಕೊಳ್ಳಿ. ಹೆಸರಿನಲ್ಲೇ ನಿಂತರೆ ಸಾಫ್ಟ್‌ವೇರಿನ ಕಡೆ ನೋಡಬೇಕು, ಕರೆಂಟು ಹೋಗಿ ಬರುವ ಹೊತ್ತಲ್ಲಿ ಫೈಲ್ ಕೆಟ್ಟಿರುತ್ತದೆ. ಯುಎಸ್‌ಬಿ ಡ್ರೈವ್, ಮೆಮೊರಿ ಕಾರ್ಡ್ ಏನಾದರೂ ಸಿಕ್ಕಿಸಿದ್ದರೆ ತೆಗೆದು ಆನ್ ಮಾಡಿ ನೋಡಿ. ಕೆಲವು ಕಂಪನಿಯವುಗಳಲ್ಲಿ ಆನ್ ಆಗುವಾಗ ಸ್ಕ್ರೀನಿನ ಮೂಲೆ ಒತ್ತಿ ಹಿಡಿದರೆ ಒಳಗಿನ ಮೆನು ಬರುತ್ತದೆ, ಕೆಲವದರಲ್ಲಿ ಹಿಂದೆ ಸಣ್ಣ ಡಿಪ್ ಸ್ವಿಚ್ ಇದೆ. ಫ್ಯಾಕ್ಟರಿ ರೀಸೆಟ್ ಅನ್ನುವುದು ಕಂಡರೆ ಕೈ ಕಟ್ಟಿ ನಿಲ್ಲಿ. ಅದು ಡಿಸ್ಪ್ಲೇಯನ್ನು ಬದುಕಿಸಬಹುದು, ಆದರೆ ನಿಮ್ಮ ಮೆಷಿನಿನ ಪೇಜ್‌ಗಳನ್ನೆಲ್ಲ ಅಳಿಸಿಹಾಕುತ್ತದೆ. ಆ ಪೇಜ್‌ಗಳ ಮೂಲ, ಅಂದರೆ ಪ್ರಾಜೆಕ್ಟ್ ಫೈಲ್, ಕೈಯಲ್ಲಿ ಇಲ್ಲದೆ ಅದನ್ನು ಒತ್ತಿದರೆ ಮುಂದೆ ಹೊಸ ಡಿಸ್ಪ್ಲೇ ತಂದರೂ ಹಾಕಲು ಏನೂ ಇರುವುದಿಲ್ಲ. ಹಲವು ಡಿಸ್ಪ್ಲೇಗಳಿಂದ ಎಡಿಟ್ ಮಾಡುವ ಹಾಗೆ ಪ್ರಾಜೆಕ್ಟ್ ವಾಪಸ್ ತೆಗೆಯಲು ಆಗುವುದೇ ಇಲ್ಲ. ಮೆಷಿನ್ ಕೊಳ್ಳುವಾಗಲೇ ಫೈಲ್ ಕೇಳಿ ತೆಗೆದುಕೊಂಡಿರಬೇಕು. ಕೊಡದೆ ಸತಾಯಿಸುವವರಿದ್ದಾರೆ, ಕೊನೆಯ ಕಂತು ಕೊಡುವ ಮೊದಲು ಕೇಳಿ.

ಬಿಸಿಲಿಗೆ ಮುಖ ಮಾಡಿದ ಪ್ಯಾನಲ್ ಮಧ್ಯಾಹ್ನ ಕಪ್ಪಾಗಿ ಸಂಜೆ ತಾನೇ ಸರಿಯಾಗುವುದೂ ಉಂಟು. ಎಲ್‌ಸಿಡಿ ಒಂದು ಮಿತಿಗಿಂತ ಬಿಸಿಯಾದರೆ ಅದರೊಳಗಿನ ದ್ರವ ತನ್ನ ಕೆಲಸ ಮರೆಯುತ್ತದೆ. ಒಂದು ತಗಡಿನ ನೆರಳು ಹಾಕಿದರೆ ಆಯ್ತು.

ಮರುದಿನ ಬೆಳಿಗ್ಗೆ ಕುಂಬಳೆಗೆ ಹೋದೆ. ಮಾಲು ಚೆನ್ನಾಗಿ ಒಣಗಿ ಹೊರಗೆ ಬಂದಿತ್ತು. ಯಜಮಾನರು ಅಷ್ಟರಲ್ಲೇ ಹೊಸ ಡಿಸ್ಪ್ಲೇಗೆ ಕೊಟೇಷನ್ ತರಿಸಿಟ್ಟಿದ್ದರು. ಕನೆಕ್ಟರ್ ತೆಗೆದು ನೋಡಿದರೆ 24.1. ಹಾಕಿ ನೋಡಿದರೆ ಮೀಟರಿನ ನಂಬರ್ 24ರಿಂದ 16ಕ್ಕೆ ಬಿದ್ದು, ಎದ್ದು, ಬಿದ್ದು. ಎಸ್‌ಎಂಪಿಎಸ್ ಬಾಯಿಯಲ್ಲೂ ಅದೇ ಕುಣಿತ. ಅದರ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ, ಎರಡು ಕೆಪಾಸಿಟರ್‌ಗಳ ತಲೆ ಬನ್ನಿನ ಹಾಗೆ ಉಬ್ಬಿತ್ತು. ಪ್ಯಾನಲನ್ನು ಬೋರ್ಮಾದ ಬಿಸಿ ಗೋಡೆಗೇ ಒರಗಿಸಿ ಕಟ್ಟಿದ್ದರು, ಎಸ್‌ಎಂಪಿಎಸ್ ಬೇರೆ ಎಲ್ಲಕ್ಕಿಂತ ಮೇಲೆ, ಬಿಸಿಗಾಳಿ ಸೇರುವ ಜಾಗದಲ್ಲಿ. ಪಿಎಲ್‌ಸಿ ನೇರವಾಗಿ 230 ವೋಲ್ಟಿನದ್ದು, ಹಾಗಾಗಿ ರಾತ್ರಿಯಿಡೀ ಅದಕ್ಕೆ ಏನೂ ಆಗಿರಲಿಲ್ಲ.

ಕನ್ವೇಯರಿನ ಪ್ಯಾನಲಿಗೆಂದು ಇಟ್ಟಿದ್ದ ಸ್ಪೇರ್ ಎಸ್‌ಎಂಪಿಎಸ್ ಹಾಕಿದೆ, ಕೆಳಗಿನ ಸಾಲಿಗೆ ಇಳಿಸಿ. ಕಂಪನಿ ಹೆಸರು ಬಂತು, ಈ ಸಲ ಹೋಗಲಿಲ್ಲ, ಪೇಜ್ ಬಂತು, ಟೆಂಪರೇಚರ್ ಬಂತು. ಹುಡುಗ ಶಿಫ್ಟ್ ಮುಗಿದರೂ ಮನೆಗೆ ಹೋಗದೆ ನೋಡುತ್ತಾ ನಿಂತಿದ್ದ. "ಅಣ್ಣಾ, ತಾರೀಕು ತಪ್ಪು ಉಂಟು" ಅಂದ. ಮೇಲಿನ ಮೂಲೆಯಲ್ಲಿ 2000ನೇ ಇಸವಿ ಜನವರಿ 1 ಅಂತಿತ್ತು. ಒಳಗಿನ ಗಡಿಯಾರದ ಬಟನ್ ಬ್ಯಾಟರಿಯೂ ಹೋಗಿದೆ. ಕೊಟೇಷನ್ ಕಾಗದದ ಹಿಂದೆ ಬ್ಯಾಟರಿಯ ನಂಬರ್ ಬರೆದು ಯಜಮಾನರ ಕೈಗೆ ಕೊಟ್ಟೆ.